ಸಿಗ್ನಲ್ ಮುಳುಗಿದ ಶ್ರಾವಣ

ಹೋದ ವರ್ಷ ಮಿರಗದ ಮೊದಲ ಮಳೆಯ ಹೊತ್ತಿಗೆ ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆಯ ಗಾಡಿ ಕಾಯುತ್ತ ಕೂತಿದ್ದೆ. ಬೆಳಗಿನಿಂದ ಕಾದಿದ್ದ ಆಕಾಶ ಒಮ್ಮೆಲೇ ಮಂಕಾಗಿ, ಗಾಳಿ ಎದ್ದು, ದಪ್ಪ ದಪ್ಪ ಹನಿ ಬೀಳತೊಡಗಿದವು. ಪ್ಲಾಟ್‌ಫಾರ್ಮಿನ ಫರಸಿಯಿಂದ ಆ ವಾಸನೆ ಎದ್ದಿತು. ಬೇರೆ ಊರಿನ ಮೊದಲ ಮಳೆಗೆ ಮಣ್ಣಿನ ವಾಸನೆ ಇರುತ್ತದೆ. ವಾಡಿಯ ಮೊದಲ ಮಳೆಗೆ ಹೊಸದಾಗಿ ಗಿಲಾವು ಮಾಡಿದ ಗೋಡೆಗೆ ನೀರು ಹೊಡೆದಾಗಿನ ವಾಸನೆ. ವರ್ಷವಿಡೀ ಮರ, ಮಾಳಿಗೆ, ತಂತಿಗಳ ಮೇಲೆ ಕೂತ ಸಿಮೆಂಟಿನ ಧೂಳು ಒದ್ದೆಯಾಗುವ ವಾಸನೆ ಅದು.

ಮಂದಿಯೆಲ್ಲ ತಗಡಿನ ಕೆಳಗೆ ಓಡಿದರು. ನಾನು ಕೂತಲ್ಲೇ ಕೂತು ಹನಿಗಳ ದಪ್ಪ ನೋಡುತ್ತಿದ್ದೆ. "ತೋಯ್ಸಿಕೊಳ್ಳಾಕತ್ತೀರಲ್ರೀ ಅಕ್ಕೋರೆ, ಈಚೆ ಬರ್ರಿ" ಎಂದು ಯಾರೋ ಹೆಣ್ಣುಮಗಳು ಕರೆದಾಗಲೇ ಎಚ್ಚರವಾದದ್ದು. ಎದ್ದು ಹೋಗಿ ಆಕೆಯ ಪಕ್ಕ ನಿಂತೆ. ಆದರೆ ಮನಸ್ಸು ಅಷ್ಟರಲ್ಲಾಗಲೇ ಚಿಂಚೋಳಿಯ ಗುಡ್ಡ ಹತ್ತಿ, ಎಂಟೊಂಬತ್ತು ವರ್ಷ ಹಿಂದಿನ ಒಂದು ಮಳೆಗಾಲದೊಳಗೆ ಹೋಗಿ ಕೂತುಬಿಟ್ಟಿತ್ತು.

ನಾನಾಗ ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ ಪಿಎಚ್‌ಡಿ ಮಾಡುತ್ತಿದ್ದೆ. ನಮ್ಮ ಮನೆ ಸೇಡಂನಲ್ಲಿ. ಅಪ್ಪ ನಿವೃತ್ತ ಮಾಸ್ತರರು, ಬೆಳಿಗ್ಗೆ ಸಂಜೆ ರಾಯರ ಮಠದ ಪೂಜೆಗೆ ನೆರವಾಗುತ್ತಿದ್ದರು. ವಾರಕ್ಕೊಮ್ಮೆ ನಾನು ಮನೆಗೆ ಬಂದರೆ "ಏನವಾ, ನಿನ್ನ ಅಲಿ ಎಲ್ಲೀತನಕ ಬಂತು?" ಅಂತ ಕೇಳುವರು. ನನ್ನ ಸಂಶೋಧನೆ ಅವರಿಗೆ ಅರ್ಥವಾದಷ್ಟು ಅಷ್ಟೇ: ಮಗಳು ಕಣ್ಣಿಗೆ ಕಾಣದ ಅಲೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುತ್ತಾಳೆ.

ಅದು ತಪ್ಪೇನೂ ಅಲ್ಲ. ನಾವು ಅಭ್ಯಾಸ ಮಾಡುತ್ತಿದ್ದುದು ಭಾಳ ಎತ್ತರದ ಕಂಪನಾಂಕದ ಮೈಕ್ರೋವೇವ್ ಅಲೆಗಳನ್ನು. ಮೊಬೈಲ್ ಫೋನಿನ ಅಲೆ ಗೇಣುದ್ದ ಇದ್ದರೆ ಇದು ತೊಗರಿ ಕಾಳಿನಷ್ಟೇ ಅಗಲ. ಇಂಥ ಅಲೆಯ ಮೇಲೆ ರಾಶಿ ರಾಶಿ ಮಾಹಿತಿ ಹೇರಿ, ನೆಲ ಅಗೆಯದೆ, ತಂತಿ ಎಳೆಯದೆ, ಗುಡ್ಡದಿಂದ ಗುಡ್ಡಕ್ಕೆ ದಾಟಿಸಬಹುದು. ಯಂತ್ರದಿಂದ ಆಂಟೆನಾದವರೆಗೆ ಇದನ್ನು ಒಯ್ಯಲು ಮಾಮೂಲಿ ತಂತಿ ನಡೆಯುವುದಿಲ್ಲ. ಒಳಗೆ ಪೊಳ್ಳಾದ, ನುಣ್ಣಗೆ ಕೊರೆದ ಲೋಹದ ನಾಳ ಬೇಕು. ಅದಕ್ಕೆ ವೇವ್‌ಗೈಡ್ ಅನ್ನುತ್ತಾರೆ. ನಮ್ಮ ನಾಳದ ಬಾಯಿ ಎಷ್ಟು ಸಣ್ಣದೆಂದರೆ ಅದರೊಳಗೆ ಒಂದು ಜೋಳದ ಕಾಳು ತೂರುತ್ತಿರಲಿಲ್ಲ. ನಾಳದ ತುದಿಗೆ ಕಹಳೆಯ ಬಾಯಿಯಂಥ ಒಂದು ಹಾರ್ನ್, ಅದರ ಮುಂದೆ ಅಲೆಯನ್ನು ಒಟ್ಟುಗೂಡಿಸಿ ದೂರಕ್ಕೆ ಎಸೆಯುವ ಡಿಶ್. ಎಲ್ಲ ಸರಿ. ತೊಂದರೆ ಒಂದೇ, ದೊಡ್ಡ ಮಳೆಯ ಹನಿಯೂ ಹೆಚ್ಚುಕಡಿಮೆ ತೊಗರಿ ಕಾಳಿನಷ್ಟೇ ದಪ್ಪ. ಅಲೆಯೂ ಹನಿಯೂ ಒಂದೇ ಅಳತೆಯವಾದರೆ ಹನಿ ಅಲೆಯನ್ನು ನುಂಗುತ್ತದೆ, ಚೆದುರಿಸುತ್ತದೆ. ಎಂಥ ಮಳೆಗೆ ಎಷ್ಟು ನುಂಗುತ್ತದೆ ಎಂಬುದನ್ನು ನಮ್ಮ ಸೀಮೆಯ ಮಳೆಯಲ್ಲೇ ಅಳೆಯಬೇಕು, ಇದು ನಮ್ಮ ಕೆಲಸ.

ನಮ್ಮ ಅಂದರೆ ನಾನು ಮತ್ತು ಶಿವಶರಣಪ್ಪ. ಎಲ್ಲರೂ ಶರಣು ಅನ್ನುತ್ತಿದ್ದರು. ಕುರಕುಂಟಾದ ಒಕ್ಕಲು ಮನೆತನದ ಹುಡುಗ, ನನಗಿಂತ ನಾಲ್ಕಾರು ವರ್ಷ ಸಣ್ಣವನು, ನಮ್ಮ ಕಾಲೇಜಿನಲ್ಲೇ ಓದಿ ನಮ್ಮಲ್ಲೇ ಸಂಶೋಧನೆಗೆ ಸೇರಿದ್ದ. ನನ್ನನ್ನು ಅಕ್ಕಾ ಅನ್ನುತ್ತಿದ್ದ. ವಾಡಿಯಲ್ಲಿ ಅವನ ಸೋದರಮಾವನ ಲೇಥ್ ಅಂಗಡಿಯಿತ್ತು. ನಮ್ಮ ಮೊದಲ ಹಾರ್ನನ್ನು ಅಲ್ಲೇ ಹಿತ್ತಾಳೆಯಲ್ಲಿ ಕೊರೆದೆವು. ಆ ಬೇಸಿಗೆಯೆಲ್ಲ ವಾಡಿಯಲ್ಲೇ, ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ಅಲೆ ಕಳಿಸಿ ಧೂಳು ಏನು ಮಾಡುತ್ತದೆ ನೋಡಿದೆವು. ಒಣ ಧೂಳು ಏನೂ ಮಾಡಲಿಲ್ಲ. ಮೊದಲ ತುಂತುರು ಬಿದ್ದ ದಿನ ಮಾತ್ರ ಹಾರ್ನಿನ ಮುಚ್ಚಳದ ಮೇಲೆ ಕೂತಿದ್ದ ಧೂಳು ಗಟ್ಟಿ ಗಾರೆಯಾಗಿ ಹೋಯಿತು. ಶರಣು ಅದನ್ನು ಉಗುರಿನಿಂದ ಕೆರೆಯುತ್ತ, "ಅಕ್ಕಾ, ಈ ಊರಾಗ ಹಾರ್ನ್ ಅಲ್ಲ, ಗೋಡೀನೇ ಆಯ್ತಿದು" ಅಂತ ನಕ್ಕ. ಅವನು ಹಾಗೆ ನಗುತ್ತಿದ್ದ ದಿನಗಳು.

ನಮ್ಮ ಮಾರ್ಗದರ್ಶಕರಾದ ಜೋಶಿ ಸರ್ ಜೋರು ಮಳೆ ಬೀಳುವ ಜಾಗ ಹುಡುಕಲು ಹೇಳಿದರು. ಜಿಲ್ಲೆಯಲ್ಲಿ ಕಾಡು ಅಂತ ಇರುವುದು ಚಿಂಚೋಳಿ ಕಡೆ. ಚಂದ್ರಂಪಳ್ಳಿ ಕೆರೆಯಾಚೆ ಒಂದು ಗುಡ್ಡದ ನೆತ್ತಿಯ ಮೇಲೆ ಒಂದು ಕಂಬ. ಅಲ್ಲಿಂದ ಕುಂಚಾವರಂ ಕಾಡಿನಂಚಿನ ಒಂದು ಸಣ್ಣ ಹಳ್ಳಿಯಲ್ಲಿ ಅದಕ್ಕೆ ಎದುರಾಗಿ ಇನ್ನೊಂದು. ಗುಡ್ಡದ ಮೇಲೆ ನಿಂತರೆ ಮರಗಳ ತಲೆಯಾಚೆ ಆ ಹಳ್ಳಿಯ ಬಿಳಿ ಕಟ್ಟಡವೊಂದು ಚುಕ್ಕೆಯಂತೆ ಕಾಣುತ್ತಿತ್ತು. ಆ ಹಳ್ಳಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಮಂದಿ ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುತ್ತಿದ್ದರು. ಊರಿಗೆ ಹೋಗಲು ಒಂದು ಹಳ್ಳ ದಾಟಬೇಕಿತ್ತು. ಮೊಬೈಲ್ ಸಿಗ್ನಲ್ ಎಂಬುದು ಊರಿನೊಳಗೆ ಇರಲೇ ಇಲ್ಲ. ಫೋನ್ ಮಾಡಬೇಕೆಂದರೆ ಹಳ್ಳ ದಾಟಿ ದಿಣ್ಣೆ ಹತ್ತಬೇಕು.

ಬಿಳಿ ಕಟ್ಟಡ ಅಂದರೆ ಊರಿನ ಆರೋಗ್ಯ ಉಪಕೇಂದ್ರ. ಸೌರ ಫಲಕ, ಬ್ಯಾಟರಿ ಇದ್ದದ್ದು ಅದೊಂದೇ ಕಡೆ, ಹಾಗಾಗಿ ನಮಗೆ ಅದರ ಮಾಳಿಗೆಯೇ ಬೇಕಿತ್ತು. ಅಲ್ಲಿನ ಸಿಸ್ಟರ್ ಭಾರತಮ್ಮ ಚಿತ್ತಾಪುರದವರು. ಗಂಡ ತೀರಿದ ಮೇಲೆ ವರ್ಷಗಟ್ಟಲೆ ಆ ಊರಿನಲ್ಲೇ ಇದ್ದು, ತೆಲುಗನ್ನೂ ಕಲಿತು, ಊರಿನ ಅರ್ಧ ಮಕ್ಕಳನ್ನು ತಮ್ಮ ಕೈಯಿಂದಲೇ ಹೊರಗೆ ತೆಗೆದಿದ್ದರು. ನಾವು ಡಿಶ್ ಹೊತ್ತುಕೊಂಡು ಹೋದ ದಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದರು:

"ಇದ್ರಿಂದ ನನಗೇನ್ ಫಾಯಿದಾ ಅದ ಹೇಳ್ರಿ. ಮ್ಯಾಲ ಹತ್ತಿ ಮಾಳಿಗಿ ಸೋರಂಗ ಮಾಡಿ ಹೋಗಬ್ಯಾಡ್ರಿ."

ಶರಣು, "ಸಿಸ್ಟರ್, ಇದರಾಗಿಂದ ಇಂಟರ್‌ನೆಟ್ಟೂ ಬರ್ತದರಿ. ತಾಲೂಕಿನ ಡಾಕ್ಟರ್ ಮಾರಿ ನೋಡ್ಕೊಂತ ಮಾತಾಡಬಹುದು" ಅಂದ.

ಅವರ ಮುಖದ ಮೇಲಿನ ಬಿಗಿ ಹೋದದ್ದು ನೋಡಬೇಕಿತ್ತು. "ಖರೇನ? ಮೊದ್ಲ ಹೇಳಬಾರದೇನ್ರಿ? ಕುಂದ್ರಿ, ಚಾ ಕುಡೀರಿ" ಎಂದು ಒಳಗೆ ಹೋದರು.

ನಾನು ಅವರ ಹಿಂದೆಯೇ ಹೋಗಿ, ಸ್ಪಷ್ಟವಾಗಿ ಹೇಳಿದೆ. "ಸಿಸ್ಟರ್, ಒಂದ್ ಮಾತು. ಸಣ್ಣ ಮಳಿಗೆ ಇದು ನಡೀತದ. ಜೋರ್ ಮಳಿ ಬಂದ್ರ ಬಂದಾಗ್ತದ. ಮಳಿ ನಿಂತ ಮ್ಯಾಲ ತಾನೇ ಹತ್ತತದ. ಅದನ್ನ ಅಳೀಲಿಕ್ಕೇ ನಾವು ಬಂದದ್ದು."

ಅವರು ಸ್ಟೋವಿನಿಂದ ತಲೆಯೆತ್ತಿ, "ಜೋರ್ ಮಳಿ ಬಂದಾಗೇ ಅಲ್ರೀ ಮೇಡಂ ಬೇಕಾಗೋದು?" ಎಂದರು. ಹೇಳಿ, ತಾವೇ ನಕ್ಕು, ಚಹಾ ಸೋಸಿದರು.

ಆ ಮಾತು ಶರಣುವಿನ ತಲೆಯೊಳಗೆ ಹೊಕ್ಕಿತು. ಮರುವಾರವೇ ಜೋಶಿ ಸರ್ ಹತ್ತಿರ ಹೋಗಿ ಕೇಳಿದ. ಕಾಲೇಜಿನ ಸ್ಟೋರಿನಲ್ಲಿ ಕೆಳಗಿನ ಕಂಪನಾಂಕದ ಹಳೆಯ ರೇಡಿಯೋ ಜೋಡಿಯೊಂದು ಬಿದ್ದಿತ್ತು. ಅದರ ಅಲೆ ಉದ್ದ, ಮಳೆಗೆ ಅದು ಸೊಪ್ಪು ಹಾಕುವುದಿಲ್ಲ. ಅದನ್ನೂ ಪಕ್ಕದಲ್ಲಿ ಕಟ್ಟಿದರೆ ಮಳೆಯಲ್ಲೂ ಸಿಸ್ಟರಿಗೆ ದಾರಿ ಇರುತ್ತದೆ ಅಂದ. ಸರ್ ಕೆಟ್ಟವರಲ್ಲ. ಆದರೆ ಆ ದಿನ ಕನ್ನಡಕ ಒರೆಸುತ್ತ, "ಶರಣು, ನಾವು ಟೆಲಿಫೋನ್ ಖಾತೆಯವರಲ್ಲಪಾ. ಅಳತೆ ಮಾಡ್ಲಿಕ್ಕೆ ಹೋಗೀವಿ. ಎರಡನೇದು ಹಾಕಿದ್ರ ಕಂಬದ ಮ್ಯಾಲ ಭಾರ, ಬ್ಯಾಟರಿ ಮ್ಯಾಲ ಭಾರ. ಮೊದ್ಲು ಈ ಮಳಿಗಾಲ ಮುಗೀಲಿ" ಅಂದರು. ಬ್ಯಾಟರಿಯ ಮಾತು ನಿಜವೇ ಇತ್ತು.

ಶಹಾಬಾದಿನಿಂದ ತಂದ ದಪ್ಪ ಕಲ್ಲುಗಳ ನಡುವೆ ಕಂಬ ನಿಲ್ಲಿಸಿದೆವು. ಗುಡ್ಡದ ಮೇಲೆ ಒಂದು ತಗಡಿನ ಗೂಡು, ಅದರೊಳಗೆ ನಮ್ಮ ಲ್ಯಾಪ್‌ಟಾಪು. ಗುಡ್ಡದ ಮೇಲೆ ಮೊಬೈಲ್ ಸಿಗ್ನಲ್ ಸಿಗುತ್ತಿತ್ತು, ಹಳ್ಳಿಗೆ ಕಳಿಸುವ ಇಂಟರ್‌ನೆಟ್ ಅಲ್ಲಿಂದಲೇ. ಎರಡು ಡಿಶ್ಶುಗಳನ್ನು ಒಂದಕ್ಕೊಂದು ಎದುರಾಗಿಸಲು ಇಡೀ ದಿನ ಹಿಡಿಯಿತು. ಅಲೆಯ ಕಿರಣ ಎಷ್ಟು ಸಪೂರವೆಂದರೆ ಬೋಲ್ಟು ಒಂದಿಷ್ಟು ಸಡಿಲಾದರೂ ಹಳ್ಳಿ ತಪ್ಪಿ ಕಾಡಿಗೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಪರದೆಯ ಮೇಲಿನ ಸಿಗ್ನಲ್ ಗೆರೆ ಎದ್ದು ನಿಂತಾಗ ಶರಣು ಗುಡ್ಡದ ಮೇಲಿಂದ ಹೋ ಅಂತ ಕೂಗಿದ. ಕೆಳಗೆ ದನ ಕಾಯುವವರು ತಿರುಗಿ ಕೂಗಿದರು.

ಆಷಾಢವೆಲ್ಲ ಬರೀ ಜಿಟಿಜಿಟಿ. ನಮಗೆ ಅದರಿಂದ ಉಪಯೋಗವಿಲ್ಲ. ಗೆರೆ ಸ್ವಲ್ಪ ತಗ್ಗುವುದು, ಮತ್ತೆ ಏರುವುದು. ಆದರೆ ಆ ಊರಿಗೆ ಅದೇ ಒಳ್ಳೆಯ ಕಾಲವಾಗಿತ್ತು. ಭಾರತಮ್ಮ ದಿನಾ ತಮ್ಮ ಫೋನನ್ನು ಗೋಡೆಗೆ ಆನಿಸಿಟ್ಟು ತಾಲೂಕಿನ ಡಾಕ್ಟರ್ ಜೊತೆ ಮಾತಾಡುವರು. ಕೂಸಿನ ಮೈಮೇಲಿನ ಗುಳ್ಳೆ ತೋರಿಸುವರು, ಮುದುಕರ ಕಾಲಿನ ಹುಣ್ಣು ತೋರಿಸುವರು. ಊರಿನವರು ನಮ್ಮ ಯಂತ್ರಕ್ಕೆ ಡಬ್ಬಿ ಅಂತ ಹೆಸರಿಟ್ಟರು. "ಡಬ್ಬಿ ಮಾತಾಡ್ತದೇನು ಇವತ್ತು?" ಅಂತ ಕೇಳಿಕೊಂಡೇ ಉಪಕೇಂದ್ರಕ್ಕೆ ಬರುವರು. ನಾವು ಹೋದರೆ ಯಾರಾದರೊಬ್ಬರು ನೇರಳೆ ಹಣ್ಣನ್ನೋ ಹುರಿದ ಶೇಂಗಾವನ್ನೋ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೊಡುವರು.

ಮಾಣಿಕಮ್ಮನನ್ನು ನಾನು ನೋಡಿದ್ದು ಅಂಥ ಒಂದು ದಿನವೇ. ಚೊಚ್ಚಲ ಬಸುರಿ. ಗಂಡ ಮೊಗಲಪ್ಪ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ತಾನು ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದ. ಡಾಕ್ಟರ್ ಪರದೆಯಲ್ಲಿ ಕಂಡಾಗ ಆಕೆ ನಾಚಿಕೊಂಡು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಡಾಕ್ಟರ್ ಹೊಟ್ಟಿ ನೋಡಾಕತ್ಯಾರ, ಮಾರಿ ಅಲ್ಲ" ಅಂತ ಭಾರತಮ್ಮ ಅಂದದ್ದಕ್ಕೆ ಎಲ್ಲರೂ ನಕ್ಕರು. ಮೊಗಲಪ್ಪ ನನ್ನ ಹತ್ತಿರ ಬಂದು, "ನೀವು ಇದನ್ನ ತಕ್ಕೊಂಡ್ ಹೋಗಂಗಿಲ್ಲಲ್ರೀ ಮೇಡಂ?" ಎಂದು ಕೇಳಿದ. ಮಳೆಗಾಲ ಮುಗಿಯುವ ತನಕ ಇರುತ್ತದೆ ಅಂದೆ. "ಅಷ್ಟಾದ್ರ ಸಾಕ್ರಿ. ಆಕಿಂದು ಅದರೊಳಗೇ ಆಗ್ತದ" ಅಂದ.

ಶ್ರಾವಣ ಹತ್ತಿತು. ಮನೆಯಲ್ಲಿ ಚಾತುರ್ಮಾಸ್ಯದ ಊಟ, ತರಕಾರಿ ಇಲ್ಲದ ಬೇಳೆಯ ಸಾರು. ಅದನ್ನೇ ಉಂಡು ನಾನು ಬೆಳಗಿನ ಬಸ್ಸಿಗೆ ಚಿಂಚೋಳಿಗೆ ಬಂದೆ. ಶರಣು ಮೋಟರ್‌ಸೈಕಲ್ ತಂದಿದ್ದ. ಗುಡ್ಡ ಹತ್ತುವ ಹೊತ್ತಿಗೆ ಪೂರ್ವದ ಕಡೆ, ಕುಂಚಾವರಂ ಕಾಡಿನ ಮೇಲೆ, ಆಕಾಶ ಇದ್ದಿಲಿನಂತೆ ಕಪ್ಪಾಗಿತ್ತು. ಗಾಳಿ ಪೂರಾ ನಿಂತಿತ್ತು. ನಮ್ಮಿಬ್ಬರಿಗೂ ಒಳಗೊಳಗೇ ಸಡಗರ. ಇಡೀ ಸೀಸನ್ ನಾವು ಕಾಯುತ್ತಿದ್ದುದು ಅಂಥ ಮಳೆಗೇ.

ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು, ಬಂತು. ಮೊದಲು ಆಚೆಯ ಕಾಡು ಕಾಣದಾಯಿತು. ಆಮೇಲೆ ಬಿಳಿ ಕಟ್ಟಡ. ಆಮೇಲೆ ನಡುವಿನ ಬಯಲು. ಮಳೆ ಒಂದು ಗೋಡೆಯಂತೆ ನಮ್ಮ ಕಡೆ ನಡೆದು ಬರುತ್ತಿತ್ತು. ಶರಣು ರೊಟ್ಟಿ ಹಿಡಿದ ಕೈಯಲ್ಲೇ ಪರದೆಯ ಮುಂದೆ ಬಗ್ಗಿದ. "ಅಕ್ಕಾ, ಇಳೀಲಿಕತ್ತದ ನೋಡ್ರಿ, ಇಳೀಲಿಕತ್ತದ!" ಗೆರೆ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು, ನಂತರ ಬಾವಿಗೆ ಬಿದ್ದ ಕಲ್ಲಿನಂತೆ ಹೋಯಿತು. ತಗಡಿನ ಮೇಲೆ ಮಳೆಯ ಸದ್ದಿಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಆ ಗೆರೆ ಪರದೆಯ ತಳಕ್ಕೆ ಮುಟ್ಟಿ ಅಲ್ಲೇ ಮಲಗಿಬಿಟ್ಟಿತು. ಇಷ್ಟು ಆಳದ ಇಳಿತ ನಮ್ಮ ಸೀಮೆಯಲ್ಲಿ ಯಾರೂ ಅಳೆದದ್ದು ನಾನು ಓದಿರಲಿಲ್ಲ. ನಾವು ಒಬ್ಬರ ಕೈ ಒಬ್ಬರು ಕುಲುಕಿದೆವು. ಶರಣು ತನ್ನ ಫೋನಿನಲ್ಲಿ ಪರದೆಯ ಫೋಟೋ ತೆಗೆದುಕೊಂಡ. ಮಳೆ ಬಿಡಲಿಲ್ಲ. ಅದು ಬಿಡದಿದ್ದಷ್ಟೂ ನಮಗೆ ಖುಷಿಯೇ ಹೆಚ್ಚಾಯಿತು.

ಹೊತ್ತು ಇಳಿಯುವಾಗ ಮಳೆ ತಗ್ಗಿತು, ಗೆರೆ ಮೇಲೆದ್ದಿತು. ಆಚೆಯ ಕಟ್ಟಡ ಮತ್ತೆ ಕಂಡಿತು, ತೊಳೆದಂತೆ ಬೆಳ್ಳಗೆ.

ಮರುದಿನ ಹಳ್ಳದ ನೀರು ಇಳಿದ ಮೇಲೆ ಹಳ್ಳಿಗೆ ಹೊರಟೆವು. ಉಪಕೇಂದ್ರದ ಮಾಳಿಗೆಯ ಮೇಲೆ ಹನಿಗಳ ಗಾತ್ರ ಅಳೆಯುವ ನಮ್ಮ ಇನ್ನೊಂದು ಯಂತ್ರವಿತ್ತು, ಅದರ ಅಳತೆ ಬೇಕಿತ್ತು. ದಾರಿಯಲ್ಲಿ ಶರಣು ಏನೋ ಹಾಡಿಕೊಳ್ಳುತ್ತಿದ್ದ. ಹಳ್ಳದ ಆಚೆ ದಂಡೆಯಲ್ಲಿ ಮಂದಿ ನಿಂತಿದ್ದರು. ಕೆಸರಿನಲ್ಲಿ ಒಂದು ಖಾಲಿ ಹೊರಸು ಅಡ್ಡಬಿದ್ದಿತ್ತು, ಅದರ ಹಗ್ಗ ಕಪ್ಪಾಗಿತ್ತು. ಶೇಂಗಾ ಕೊಡುತ್ತಿದ್ದ ಮುದುಕಿ ಮುಖ ಆಚೆ ತಿರುಗಿಸಿದಳು.

ಭಾರತಮ್ಮ ಉಪಕೇಂದ್ರದ ನೆಲ ತೊಳೆಯುತ್ತಿದ್ದರು. ತೊಳೆದ ನೆಲವನ್ನೇ ಮತ್ತೆ ತೊಳೆಯುತ್ತಿದ್ದರು. ನಮ್ಮನ್ನು ನೋಡಿ ಪೊರಕೆ ಬಿಟ್ಟು ಗೋಡೆಗೆ ಒರಗಿ ಕೂತರು.

"ಮಾಣಿಕಮ್ಮ ಹೋದ್ಲು ಮೇಡಂ" ಅಂದರು.

ಬೆಳಿಗ್ಗೆ ನೋವು ಹತ್ತಿತ್ತು. ಮಧ್ಯಾಹ್ನ ಹೆರಿಗೆ ಸಲೀಸಾಗಿಯೇ ಆಗಿತ್ತು, ಹೆಣ್ಣು ಕೂಸು, ಚೆನ್ನಾಗಿ ಅತ್ತಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಭಾರತಮ್ಮ ತಮ್ಮಲ್ಲಿದ್ದ ಸೂಜಿ ಹಾಕಿದರು, ಹೊಟ್ಟೆ ತಿಕ್ಕಿದರು, ಬಟ್ಟೆ ಒತ್ತಿದರು. ಒಂದು ಕೈಯಲ್ಲಿ ಒತ್ತಿಹಿಡಿದೇ ಇನ್ನೊಂದು ಕೈಯಿಂದ ಡಾಕ್ಟರಿಗೆ ಕರೆ ಹಚ್ಚಿದರು. ಹೊರಗೆ ಮಳೆ ಆಗತಾನೇ ಜೋರಾಗುತ್ತಿತ್ತು.

"ಡಾಕ್ಟರ್ ಮಾರಿ ಬಂತ್ರಿ. ಬಾಯಿ ತೆಗದ್ರು, ಏನೋ ಹೇಳ್ಲಿಕ್ಕೆ. ಹಂಗೇ ನಿಂತ್ಬಿಡ್ತು. ನಾ ಅನ್ಕೊಂಡೆ ಈಗ ಹತ್ತತದ, ಈಗ ಹತ್ತತದ ಅಂತ. ಆ ನಿಂತ ಮಾರಿ ಮುಂದ ಕುಂತು ಕೇಳೇ ಕೇಳಿದೆ. ಏನ್ ಮಾಡ್ಲಿ ಸರ್, ಹೇಳ್ರಿ ಸರ್ ಅಂತ."

ಕೊನೆಗೆ ಊರಿನ ಗಂಡಸರು ಹೊರಸಿನ ಮೇಲೆ ಮಲಗಿಸಿ ಹಳ್ಳದ ತನಕ ಹೊತ್ತರು. ಹಳ್ಳ ಎದೆಯುದ್ದ ಹರಿಯುತ್ತಿತ್ತು. ನೀರು ಇಳಿಯಲಿ ಎಂದು ದಂಡೆಯ ಮೇಲೆ ಕಾಯುತ್ತಿದ್ದಾಗ ಆಕೆ ಹೋಗಿಬಿಟ್ಟಳು.

ಶರಣು ಬಾಗಿಲ ಹೊರಗೇ ನಿಂತಿದ್ದ. ಭಾರತಮ್ಮ ಸೀರೆಯ ನಿರಿಗೆಯಿಂದ ಕೈ ಒರೆಸಿಕೊಂಡರು. ಆಮೇಲೆ ತೀರ ಸಣ್ಣ ದನಿಯಲ್ಲಿ ಹೇಳಿದ ಮಾತು ನನಗೆ ಇವತ್ತಿಗೂ ಇಡಿಯಾಗಿ ಕೇಳಿಸುತ್ತದೆ.

"ನೀವು ಹೇಳಿದ್ರಿ ಮೇಡಂ, ನಿಮ್ದೇನೂ ತಪ್ಪಿಲ್ಲ. ಆದ್ರ ಈ ಡಬ್ಬಿ ಇರಲಿಲ್ಲಂದ್ರ ನಾ ಆಕೀನ್ನ ಎಂಟು ದಿನ ಮೊದ್ಲೇ ತಾಲೂಕಿಗೆ ಕಳಿಸಿಬಿಡ್ತಿದ್ದೆ. ಪ್ರತಿ ವರ್ಷ ಮಳಿಗಾಲದಾಗ ಎಲ್ಲಾರ್ನೂ ಹಂಗೇ ಕಳಸ್ತಿದ್ದೆ. ಈ ವರ್ಷ ಡಾಕ್ಟರ್ ಕೈಯಾಗೇ ಅದಾರ ಅನ್ಕೊಂಡೆ."

ಹೊರಗೆ ಬಂದಾಗ ಮೊಗಲಪ್ಪ ಕಟ್ಟೆಯ ಕೆಳಗೆ, ಅವತ್ತು ಕೂತ ಜಾಗದಲ್ಲೇ ಕೂತಿದ್ದ. ಅವನ ಅವ್ವ ಕೂಸನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಅವನು ಸಿಟ್ಟು ಮಾಡಲಿಲ್ಲ. ಮಾಳಿಗೆಯ ಮೇಲಿನ ಡಿಶ್ಶಿನ ಕಡೆ ಕೈ ಮಾಡಿ ಕೇಳಿದ:

"ಈಗ ಮಾತಾಡ್ತದೇನ್ರಿ ಅದು?"

ಶರಣು ಹೌದು ಅಂದ.

"ಈಗ ಮಾತಾಡ್ತದ" ಎಂದು ಮೊಗಲಪ್ಪ ತನ್ನಷ್ಟಕ್ಕೇ ಹೇಳಿಕೊಂಡ.

ಆ ಸಂಜೆ ನಾನು ಸೇಡಂಗೆ ಹೋದೆ. ಅಪ್ಪ ಮಠಕ್ಕೆ ಹೊರಡಲು ಮಡಿ ಉಟ್ಟಿದ್ದರು. ನನ್ನ ಮುಖ ನೋಡಿ ನಿಂತರು. ಎಲ್ಲ ಹೇಳಿದೆ. ಅವರು ವಿಧಿ, ಹಣೆಬರಹ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. "ಕೂಸಿಗೆ ಹಾಲು ಯಾರು ಕುಡಿಸ್ಲಿಕತ್ತಾರ?" ಎಂದು ಕೇಳಿದರು. ನಾನು ಅದನ್ನು ವಿಚಾರಿಸಿರಲಿಲ್ಲ. ಅವರು ಅಂದು ಮಠಕ್ಕೆ ಹೋಗದೆ ಪಡಸಾಲೆಯಲ್ಲೇ ಕೂತರು. ಅವ್ವ ಬಡಿಸಿದ್ದನ್ನು ನಾವಿಬ್ಬರೂ ಉಣ್ಣಲಿಲ್ಲ.

ಜೋಶಿ ಸರ್ ಸುದ್ದಿ ಕೇಳಿ ತಾವೇ ಸ್ಟೋರಿನ ಬೀಗ ತೆಗೆದು, ಧೂಳು ಹಿಡಿದ ಆ ಹಳೆಯ ರೇಡಿಯೋ ಜೋಡಿಯನ್ನು ಎತ್ತಿ ಜೀಪಿಗೆ ಹಾಕಿದರು. ಬೆನ್ನುನೋವಿನ ಮನುಷ್ಯ, ನಾವು ಬೇಡವೆಂದರೂ ಕೇಬಲ್ ಸುರುಳಿಯನ್ನು ತಾವೇ ಹೊತ್ತು ಗುಡ್ಡ ಹತ್ತಿದರು. ಇನ್ನೊಂದು ಬ್ಯಾಟರಿ ತಂದೆವು. ದೊಡ್ಡ ಜಾಲರಿ ಡಿಶ್ಶನ್ನು ಮೂವರೂ ಸೇರಿ ಕಂಬಕ್ಕೆ ಬಿಗಿದೆವು. ಅದು ಹತ್ತಿತು. ಭಾದ್ರಪದದ ಜಡಿಮಳೆಯಲ್ಲೂ ಒಮ್ಮೆಯೂ ಕೈಬಿಡಲಿಲ್ಲ. ಅದು ಕೈಬಿಡದಿದ್ದುದೇ ನಮಗೆ ನೋಡಲು ಕಷ್ಟವಾಗಿತ್ತು.

ಜಗಳವಾದದ್ದು ದೀಪಾವಳಿ ಮುಗಿದು ಲೇಖನ ಬರೆಯುವಾಗ. ಇಡೀ ಮಳೆಗಾಲದಲ್ಲಿ ನಮ್ಮ ಕೈಗೆ ಸಿಕ್ಕ ದೊಡ್ಡ ಅಳತೆ ಎಂದರೆ ಆ ಮಧ್ಯಾಹ್ನದ್ದೇ. ಅದಿಲ್ಲದಿದ್ದರೆ ಉಳಿದದ್ದು ಸಣ್ಣಪುಟ್ಟ ಇಳಿತಗಳ ಲೆಕ್ಕ. ನಾನು ಆ ಇಳಿತದ ಚಿತ್ರವನ್ನು ಒಪ್ಪವಾಗಿ ಬರೆದು ಲೇಖನದ ನಡುವೆ ಇಟ್ಟೆ. ಶರಣು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ನೋಡಿದ.

"ಅದನ್ನ ತೆಗೀರಿ ಅಕ್ಕಾ."

"ತೆಗದ್ರ ಏನುಳೀತದ ಶರಣು?"

"ಏನೂ ಉಳೀಲಿಲ್ಲಂದ್ರ ಬ್ಯಾಡ. ಆ ಗೆರಿ ಕೆಳಗ ಮಲಗಿದ್ದಷ್ಟು ಹೊತ್ತು ಆಕಿ ಜೀವ ಹೋಗಾಕತ್ತಿತ್ತು. ನಾವು ಕೈ ಕುಲುಕಿದಿವಿ."

"ನಮಗ ಗೊತ್ತಿರ್ಲಿಲ್ಲ."

"ಈಗ ಗೊತ್ತದಲ್ರಿ."

ನಾನೂ ಗಟ್ಟಿಯಾಗಿಯೇ ಹೇಳಿದೆ. ಆ ಚಿತ್ರ ಇದ್ದರೆ ತಾನೆ, ನಾಳೆ ಇನ್ಯಾರೋ ಒಬ್ಬರು ಇಂಥದ್ದೇ ಡಬ್ಬಿಯನ್ನು ಇನ್ನೊಂದು ಆಸ್ಪತ್ರೆಯ ಮೇಲೆ ಒಂಟಿಯಾಗಿ ಕಟ್ಟುವ ಮೊದಲು ಯೋಚಿಸುವುದು? ಮಳೆಗೆ ಇದು ಎಷ್ಟು ಹೊತ್ತು ಸಾಯುತ್ತದೆ ಅಂತ ಲೆಕ್ಕ ಸಮೇತ ತೋರಿಸುವುದು ಅದೊಂದೇ. ಅದನ್ನು ಮುಚ್ಚಿಟ್ಟರೆ ಆಕೆ ಸತ್ತದ್ದಕ್ಕೆ ಗುರುತೂ ಇಲ್ಲದಂತಾಗುತ್ತದೆ. ಇದನ್ನೆಲ್ಲ ನಾನು ಆಗ ನಂಬಿ ಹೇಳಿದೆ, ಈಗಲೂ ನಂಬುತ್ತೇನೆ. ಶರಣು ಪೂರ್ತಿ ಕೇಳಿದ. "ನೀವು ಹೇಳೋದು ಬರೋಬ್ಬರಿ ಅದ ಅಕ್ಕಾ. ಆದ್ರ ಅದರ ಕೆಳಗ ನನ್ನ ಹೆಸರು ಬ್ಯಾಡ" ಅಂದ. ಲೇಖನ ಅಚ್ಚಾಯಿತು. ಕಾಡಿನಂಚಿನಲ್ಲಿ ಇಂಥ ಕೊಂಡಿಯ ಜೊತೆಗೆ ಕೆಳಗಿನ ಕಂಪನಾಂಕದ ಎರಡನೇ ದಾರಿ ಇಲ್ಲದೆ ಯಾರ ಜೀವವನ್ನೂ ಅದಕ್ಕೆ ಒಪ್ಪಿಸಬಾರದು ಎಂಬ ಸಾಲನ್ನು ಕೊನೆಯಲ್ಲಿ ಸೇರಿಸಿದ್ದೆ. ಅಚ್ಚಿಗೆ ಮೊದಲು ಪರಿಶೀಲಿಸಿದವರು ಆ ಸಾಲು ವಿಷಯಕ್ಕೆ ಹೊರತಾದದ್ದು ಅಂದರು. ನಾನು ಬಿಡಲಿಲ್ಲ, ಅದೊಂದು ಉಳಿಯಿತು.

ಶರಣು ಸಂಶೋಧನೆ ಬಿಟ್ಟ. ವಾಡಿಯ ಮಾವನ ಲೇಥ್ ಅಂಗಡಿ ಸೇರಿದ. ಈಗ ಟ್ರ್ಯಾಕ್ಟರಿನ ಬುಷ್ಷು, ಪಂಪಿನ ಶಾಫ್ಟು ಕೊರೆಯುತ್ತಾನೆ. ಒಂದೆರಡು ಬಾರಿ ಅಂಗಡಿಯ ಮುಂದೆ ಹಾದಾಗ ಒಳಗೆ ಹೋಗಿದ್ದೇನೆ. ಚಹಾ ತರಿಸುತ್ತಾನೆ, ಅಪ್ಪನ ಆರೋಗ್ಯ ಕೇಳುತ್ತಾನೆ. ಅವನ ಕೈಯಷ್ಟು ನುಣ್ಣಗೆ ಹಾರ್ನ್ ಕೊರೆಯುವವರು ನನಗೆ ಆಮೇಲೆ ಸಿಗಲಿಲ್ಲ. ಅದನ್ನು ಅವನಿಗೆ ಹೇಳಲು ಬಾಯಿ ಬಂದಿಲ್ಲ.

ವಾಡಿಯ ಆ ಮಳೆಯಲ್ಲಿ ನಿಂತಾಗ ಇದೆಲ್ಲ ಎದ್ದು ಬಂದದ್ದು. ಆಮೇಲೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಒಂದು ಬುಧವಾರ ಕಾಲೇಜಿಗೆ ರಜೆ ಹಾಕಿ ಕಾರು ತೆಗೆದುಕೊಂಡು ಆ ಹಳ್ಳಿಗೆ ಹೋದೆ. ಹಳ್ಳಕ್ಕೆ ಈಗ ಸೇತುವೆಯಾಗಿದೆ. ಊರ ಹೊರಗೆ ಮೊಬೈಲ್ ಕಂಪನಿಯ ಎತ್ತರದ ಕಂಬ ನಿಂತಿದೆ. ನನ್ನ ಫೋನಿನಲ್ಲಿ ಎಲ್ಲ ಗೆರೆಗಳೂ ತುಂಬಿ ನಿಂತಿದ್ದವು. ಉಪಕೇಂದ್ರದ ಬಾಗಿಲಿಗೆ ಬೀಗ. ಕಿಟಕಿಯ ಗಾಜು ಒಡೆದಿತ್ತು, ಪಡಸಾಲೆಯಲ್ಲಿ ಆಡಿನ ಹಿಕ್ಕೆ. ನಮ್ಮ ಎರಡೂ ಡಿಶ್ಶುಗಳನ್ನು ನಾವು ಬಿಚ್ಚಿಕೊಂಡು ಬಂದು ವರ್ಷಗಳಾಗಿದ್ದವು.

ಕಟ್ಟೆಯ ಮೇಲೆ ಒಬ್ಬ ಬಸುರಿ ಹೆಣ್ಣುಮಗಳು ಗೋಡೆಗೆ ಒರಗಿ ಕೂತಿದ್ದಳು. ಕಾಲು ಊದಿದ್ದವು. ಪಕ್ಕದಲ್ಲಿ ಶಾಲೆಯ ಅಂಗಿ ತೊಟ್ಟ ಎಂಟೊಂಬತ್ತು ವರ್ಷದ ಒಂದು ಹುಡುಗಿ. ಕೆಳಗೆ ಕೂತಿದ್ದವನು ಎದ್ದು ನಿಂತಾಗ ಗುರುತು ಹಿಡಿದೆ, ಮೊಗಲಪ್ಪ. ಕೂದಲು ಅರ್ಧ ಬೆಳ್ಳಗಾಗಿತ್ತು.

"ಡಬ್ಬಿ ಮೇಡಂ ಅಲ್ರೀ?" ಎಂದ. ನಾನು ಹೌದೆಂದೆ. "ಈಕಿ ನನ್ನ ತಮ್ಮನ ಹೇಣ್ತಿರಿ. ಅಂವ ಹೈದರಾಬಾದಿಗೆ ದುಡೀಲಿಕ್ಕೆ ಹೋಗ್ಯಾನ. ಎರಡ್ ದಿನದಿಂದ ತಲಿ ಸುತ್ತಾಕತ್ತದ ಅಂತಾಳ. ಭಾರತಮ್ಮ ಸಿಸ್ಟರ್ ರಿಟೈರ್ ಆಗಿ ಹೋದ್ರು. ಆಮ್ಯಾಗ ಇಲ್ಲಿಗೆ ಯಾರೂ ಬಂದಿಲ್ರಿ. ಬ್ಯಾರೆ ಊರಿನ ಸಿಸ್ಟರ್ ಒಮ್ಮೊಮ್ಮೆ ಬರ್ತಾರ. ಇವತ್ತು ಬರಬಹುದು ಅಂತ ಕುಂತೀವಿ."

"ಫೋನ್ ಮಾಡಿ ಕೇಳ್ಲಿಲ್ಲೇನು?"

"ಮಾಡಾಕತ್ತೀನ್ರಿ ಮುಂಜಾನಿಂದ."

ಅವನು ತೋರಿಸಿದ ಆ ಸಿಸ್ಟರ್ ನಂಬರನ್ನು ನನ್ನ ಫೋನಿನಿಂದ ನಾನೇ ಹಚ್ಚಿದೆ. ತಕ್ಷಣ ಹತ್ತಿತು. ಆ ಕಡೆಯ ಗಂಟೆ ಇಲ್ಲೇ ಪಕ್ಕದ ಮನೆಯಲ್ಲಿ ಬಾರಿಸಿದಷ್ಟು ಸ್ವಚ್ಛವಾಗಿ ಕೇಳುತ್ತಿತ್ತು. ಪೂರ್ತಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಮತ್ತೆ ಬಾರಿಸಿತು.

"ಹತ್ತತದ್ರಿ ಮೇಡಂ, ಅದಕ್ಕೇನಿಲ್ಲ. ಎತ್ತಂಗಿಲ್ಲ" ಎಂದ ಮೊಗಲಪ್ಪ.

ನಾನು ಫೋನನ್ನು ಚೀಲಕ್ಕೆ ಹಾಕಿ ಕಾರಿನ ಹಿಂದಿನ ಬಾಗಿಲು ತೆಗೆದೆ. "ಕುಂದ್ರಿ, ತಾಲೂಕಿಗೆ ಹೋಗೋಣ" ಅಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿ, ತಮ್ಮನ ಹೆಂಡತಿಯ ಭುಜ ಹಿಡಿದು ಎಬ್ಬಿಸಿದ. ಆಕೆ ಒಂದೊಂದೇ ಹೆಜ್ಜೆ ಇಟ್ಟು ಬಂದು ಒಳಗೆ ಕೂತಳು. ಅವಳ ಹಿಂದೆಯೇ ಆ ಹುಡುಗಿಯೂ ಹತ್ತಿದಳು.

"ಪದ್ಮಾ, ನೀ ಇಳಿ. ಸಾಲಿಗಿ ಹೋಗು" ಎಂದ ಮೊಗಲಪ್ಪ.

ಹುಡುಗಿ ಇಳಿಯಲಿಲ್ಲ. ಚಿಕ್ಕಮ್ಮನ ಮುಂಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮುಂದಿನ ಸೀಟನ್ನೇ ದಿಟ್ಟಿಸುತ್ತ ಕೂತಳು. ಮೊಗಲಪ್ಪ ಮತ್ತೊಮ್ಮೆ ಕರೆಯಲು ಬಾಯಿ ತೆರೆದ.

"ಇರ್ಲಿ ಬಿಡ್ರಿ, ನೀವೂ ಹತ್ರಿ" ಎಂದೆ. ಕಾರು ಚಾಲೂ ಮಾಡಿದೆ.